ಗುಡುಗಣ್ಣನ ಹೊಸ ಬೇಸ್ ಗಿಟಾರ್

ಬ್ಯಾಂಡಿನವರು ಅವನನ್ನು ಗುಡುಗಣ್ಣ ಎಂದು ಕರೆಯುತ್ತಿದ್ದರು. ಹಾಗೆ ಕರೆದು ಮುಖ ಆಚೆ ತಿರುಗಿಸಿ ನಗುತ್ತಿದ್ದರು ಎನ್ನುವುದು ಅವನಿಗೆ ಮಾತ್ರ ಗೊತ್ತಿರಲಿಲ್ಲ. ಹಗಲೆಲ್ಲ ಲಾಂಡ್ರಿಯ ಹಿಂದಿನ ಕೋಣೆಯ ಬಿಸಿ ಆವಿಯಲ್ಲಿ ನಿಂತು ಕೋಟು, ಅಂಗಿ, ಹೋಟೆಲಿನ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದ. ಸಂಜೆಯಾದರೆ ಪಾರ್ಟಿ ಹಾಲಿನ ವೇದಿಕೆಯಲ್ಲಿ ಬೇಸ್ ಗಿಟಾರ್ ಹೆಗಲಿಗೇರಿಸಿ, ಕಣ್ಣು ಮುಚ್ಚಿ ತೂಗಾಡುತ್ತಿದ್ದ. ಇಸ್ತ್ರಿಯ ಬಗ್ಗೆ ಯಾರಾದರೂ ಕೇಳಿದರೆ "ಹೊಟ್ಟೆಪಾಡು" ಎಂದು ಮಾತು ಮುಗಿಸುತ್ತಿದ್ದ. ಗಿಟಾರಿನ ಬಗ್ಗೆ ಯಾರೂ ಕೇಳದಿದ್ದರೂ ಹೇಳುತ್ತಿದ್ದ.

"ಹಾಡೋನು ಹಾಡ್ತಾನೆ, ಡ್ರಮ್ ಬಡಿಯೋನು ಬಡೀತಾನೆ. ಆದ್ರೆ ಕಟ್ಟಡ ನಿಂತಿರೋದು ಪಾಯದ ಮೇಲೆ. ಪಾಯ ಯಾರು? ನಾನು."

ಮನೆಯಲ್ಲಿ ಈ ಪಾಯವನ್ನು ಹೊತ್ತುಕೊಂಡಿದ್ದವರು ಹೆಂಡತಿ ಮತ್ತು ಮಗಳು. ಅವನು ಅಭ್ಯಾಸಕ್ಕೆ ಕೂತಾಗ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಮಗಳು ಚಿಕ್ಕವಳಿದ್ದಾಗಲೇ ಅವಳಿಗೆ ನಾಲ್ಕು ತಂತಿಗಳ ಶ್ರುತಿ ಕೂಡಿಸುವುದನ್ನು ಕಲಿಸಿದ್ದ. ಕಲೆಯ ಮೇಲಿನ ಪ್ರೀತಿಯಿಂದೇನಲ್ಲ, ಬಗ್ಗಿ ಕೂತು ತಂತಿಯ ತಿರುಪು ತಿರುಗಿಸುವುದು ಅವನಿಗೆ ಬೇಸರದ ಕೆಲಸ. ಒಮ್ಮೆ ಮನೆಗೆ ನೆಂಟರು ಬಂದಿದ್ದಾಗ ಅವಳು ತಾನಾಗಿಯೇ ಕಲಿತ ಒಂದು ಹಾಡಿನ ತುಣುಕನ್ನು ನುಡಿಸಿ ತೋರಿಸಿದಳು. ಅಪ್ಪ ಏನನ್ನುತ್ತಾನೋ ಎಂದು ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡಿದಳು.

"ನೋಡ್ರಪ್ಪ, ಗಿಟಾರ್ ಮೇಲೆ ಸೊಳ್ಳೆ ಕೂತಿದೆ!" ಅಂದ ಅವನು.

ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಅವಳ ಹೆಸರೇ ಸೊಳ್ಳೆಯಾಯಿತು. ಈಗ ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ದುಡಿಯುವ ಹೆಂಗಸು. ಆದರೂ ಗಿರಾಕಿಗಳ ಎದುರಿಗೇ ಅವನು "ಲೇ ಸೊಳ್ಳೆ" ಎಂದು ಕೂಗುತ್ತಿದ್ದ. ಅವಳೂ ಹಟಮಾರಿಯೇ. ಅಪ್ಪ ಲಾಂಡ್ರಿಯಲ್ಲಿದ್ದಾಗ ಬೀರುವಿನಿಂದ ಗಿಟಾರ್ ತೆಗೆದು, ಕರೆಂಟಿಗೆ ಹಾಕದೆ, ಗಲ್ಲವನ್ನು ಅದರ ಮರಕ್ಕೆ ಒತ್ತಿಕೊಂಡು, ಎಲುಬಿನಲ್ಲಿ ಬರುವ ನಡುಕವನ್ನೇ ಕೇಳಿಸಿಕೊಂಡು ನುಡಿಸುತ್ತಿದ್ದಳು. ಒಂದಲ್ಲ ಒಂದು ದಿನ ಅಪ್ಪನ ಬಾಯಿಂದ "ಪರವಾಗಿಲ್ಲ" ಅನ್ನಿಸಿಕೊಳ್ಳಬೇಕು. ಅಷ್ಟೇ ಅವಳ ಆಸೆ. ಇಂಥ ಅಪ್ಪನಿಂದ ಅಂಥ ಮಾತಿಗಾಗಿ ಕಾಯುವುದು ಎಷ್ಟು ದೊಡ್ಡ ಪೆದ್ದುತನ ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಹೀಗಿರುವಾಗ ಬ್ಯಾಂಡಿನ ಕೀಬೋರ್ಡಿನವನು ಹೇಳದೆ ಕೇಳದೆ ಕೈಕೊಟ್ಟು ಬೇರೆ ಬ್ಯಾಂಡು ಸೇರಿಕೊಂಡ. ಅವನು ಹೋದ ಮೇಲೆ ಹಾಡುಗಳೆಲ್ಲ ಟೊಳ್ಳಾಗಿ ಕೇಳಿಸತೊಡಗಿದವು. ಪಾರ್ಟಿ ಹಾಲಿನ ಮಾಲೀಕ ಗೊಣಗಿದ, ಅವನಿಗೆ ಏನಾದರೂ ಹೊಸದು ತೋರಿಸಬೇಕಿತ್ತು. ಬ್ಯಾಂಡಿನ ಯಜಮಾನನೂ ಹಾಡುಗಾರನೂ ಒಬ್ಬನೇ. ಬಾಯಲ್ಲಿ ಬೆಣ್ಣೆ ಇಟ್ಟುಕೊಂಡಂತೆ ಮಾತಾಡುವ ಆಸಾಮಿ. ಅವನು ಗುಡುಗಣ್ಣನ ಹೆಗಲ ಮೇಲೆ ಕೈಹಾಕಿದ.

"ನಿನ್ನ ಗಿಟಾರ್‌ಗೆ ವಯಸ್ಸಾಯ್ತು ಗುಡುಗಣ್ಣ. ಒಂದು ಹೊಸದು ನೋಡೋಣ. ಜೇಬಿಗೆ ಭಾರ ಆಗ್ಬಾರ್ದು, ಎಲ್ಲಾ ಥರದ ಹಾಡಿಗೂ ಒದಗ್ಬೇಕು. ಪರೀಕ್ಷೆ ಮಾಡಿ ಹೇಳೋದು ನೀನೇ. ನಿನ್ನ ಬಿಟ್ರೆ ಯಾರಿದಾರೆ?"

ಗುಡುಗಣ್ಣ ಉಬ್ಬಿಹೋದ. ವಾದ್ಯದ ಅಂಗಡಿಯವನು, ನುಡಿಸಿ ನೋಡಿ ವಾಪಸ್ಸು ಕೊಡಿ ಎಂದು, ಒಂದು ಗಿಟಾರ್ ಕಳಿಸಿದ. ಅದು ದಾಳಿಂಬೆ ಬಣ್ಣದ್ದು. ಮರ ಹಗುರ, ಕತ್ತು ತೆಳ್ಳಗೆ. ಗುಡುಗಣ್ಣ ಅದನ್ನು ಊಟದ ಮೇಜಿನ ಮೇಲೆ ಮಲಗಿಸಿ ರೋಗಿಯನ್ನು ನೋಡುವಂತೆ ನೋಡಿದ. ಕತ್ತಿನ ಅಂಚಿನುದ್ದಕ್ಕೂ ಅಂಗೈ ಸವರಿ, ಲೋಹದ ಪಟ್ಟಿಗಳ ತುದಿ ಚರ್ಮಕ್ಕೆ ಗೀಚುತ್ತದೆ ಎಂದ. ಒಂದು ತಿರುಪು ಸ್ವಲ್ಪ ಸಡಿಲ ಎಂದ. ತಂತಿಗಳ ಕೆಳಗೆ ಅವುಗಳ ನಡುಕವನ್ನು ಹಿಡಿಯುವ ಪಿಕಪ್ಪುಗಳು ಎರಡಿದ್ದವು. ಮುಂದಿನದರ ಗುಂಡಿ ತಿರುಗಿಸಿದರೆ ನಿಧಾನದ ಹಾಡಿಗೆ ಬೇಕಾದ ದುಂಡನೆಯ ದನಿ, ಹಿಂದಿನದರಲ್ಲಿ ಕುಣಿತದ ಹಾಡಿಗೆ ಬೇಕಾದ ಬಿಗಿ ದನಿ. ಇದೆಲ್ಲ ಅವನು ಸರಿಯಾಗಿಯೇ ಹೇಳಿದ. ಗಿಟಾರ್ ನೋಡುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ.

"ದೊಡ್ಡ ಹಾಲಲ್ಲಿ ಹೇಗೆ ಕೇಳುತ್ತೆ ಅಂತ ನಾನು ಕೆಳಗೆ ಕೂತು ಕೇಳ್ಬೇಕು. ಸೊಳ್ಳೆ, ನೀನು ಬಾ. ಸುಮ್ನೆ ತಂತಿ ಮೀಟ್ತಾ ಇರು, ಸಾಕು" ಅಂದ.

ಮಧ್ಯಾಹ್ನ ಪಾರ್ಟಿ ಹಾಲ್ ಖಾಲಿಯಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಗುಡುಗಣ್ಣ ನಡುಮಧ್ಯೆ ಒಂದು ಕುರ್ಚಿ ಹಾಕಿಸಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತ. ಹಿಂದೆ ಮೂಲೆಯಲ್ಲಿ ಮಿಕ್ಸರಿನವನು, ಅಂದರೆ ವೇದಿಕೆಯ ಸದ್ದನ್ನೆಲ್ಲ ದೊಡ್ಡ ಸ್ಪೀಕರುಗಳಿಗೆ ಹಂಚುವವನು, ತನ್ನ ಗುಂಡಿಗಳ ಮುಂದೆ ಆಕಳಿಸುತ್ತಿದ್ದ. ಹಾಡುಗಾರ ಗೋಡೆಗೆ ಒರಗಿ ಫೋನು ನೋಡುತ್ತಿದ್ದ.

ಮಗಳು ಶುರುಮಾಡಿದಳು. ಸುಮ್ಮನೆ ಮೀಟಲಿಲ್ಲ. ನೆಂಟರ ಮುಂದೆ ನಗೆಪಾಟಲಾಗಿದ್ದ ಅದೇ ಹಾಡನ್ನು ನುಡಿಸಿದಳು. ಹಾಲಿನ ನೆಲ ನಡುಗಿತು, ಪೇರಿಸಿದ ಕುರ್ಚಿಗಳು ಗಡಗಡ ಅಂದವು. ಹಾಡುಗಾರ ಫೋನಿನಿಂದ ತಲೆಯೆತ್ತಿದ. ಮಿಕ್ಸರಿನವನ ಆಕಳಿಕೆ ಅರ್ಧಕ್ಕೇ ನಿಂತಿತು. ಅವಳು ಮಾತ್ರ ನಡುವಿನ ಕುರ್ಚಿಯನ್ನೇ ನೋಡುತ್ತಿದ್ದಳು.

ಗುಡುಗಣ್ಣ ತೊಡೆ ತಟ್ಟಿ ಎದ್ದ. "ಏನು ಗಿಟಾರ್ ಮಾರಾಯ್ರೆ! ಕೈಲಾಗದೋರು ಹಿಡಿದ್ರೂ ಹೀಗೆ ನುಡಿಯುತ್ತೆ ಅಂದ್ರೆ ಇನ್ನು ನಾನು ಹಿಡಿದ್ರೆ? ಇಳಿಯೇ ಸೊಳ್ಳೆ, ಇಳಿ."

ಅವಳ ಮುಖಕ್ಕೆ ರಪ್ಪನೆ ಬಾರಿಸಿದಂತಾಯಿತು. ಇಳಿದು ಬಂದು ಮಿಕ್ಸರಿನ ಪಕ್ಕ ನಿಂತಳು. ಅಪ್ಪ ವೇದಿಕೆ ಹತ್ತಿ, ಕಣ್ಣು ಮುಚ್ಚಿ, ತೂಗಾಡುತ್ತ ನುಡಿಸಿದ. ಅವನ ಕಾಲ ಬುಡದಲ್ಲಿದ್ದ ಪುಟ್ಟ ಸ್ಪೀಕರ್ ಪೆಟ್ಟಿಗೆ ಏನೋ ಗುನುಗುತ್ತಿತ್ತು. ಹಾಲಿನ ದೊಡ್ಡ ಸ್ಪೀಕರುಗಳಿಂದ ಮಾತ್ರ ಉಸಿರಿಲ್ಲ.

"ಮಾಮ, ಅಪ್ಪಂದು ಕೇಳಿಸ್ತಾನೇ ಇಲ್ಲ" ಅಂದಳು.

ಮಿಕ್ಸರಿನವನು ತನ್ನ ಕೈ ನೋಡಿಕೊಂಡ. ಗುಡುಗಣ್ಣ ವೇದಿಕೆ ಹತ್ತುತ್ತಲೇ ಆ ಕೈ ತನ್ನಷ್ಟಕ್ಕೇ ಬೇಸಿನ ಗುಂಡಿಯನ್ನು ಕೆಳಕ್ಕೆ ಎಳೆದುಬಿಟ್ಟಿತ್ತು.

"ಅಭ್ಯಾಸ ಕಣಮ್ಮ" ಎಂದು ತಗ್ಗಿದ ದನಿಯಲ್ಲಿ ಹೇಳಿದ. "ನಿಮ್ಮಪ್ಪನ ದನಿ ಯಾವತ್ತೂ ಹೊರಗೆ ಬಿಟ್ಟಿಲ್ಲ. ತಾಳಕ್ಕೆ ನಿಲ್ಲಲ್ಲ ಅವನು. ಕೀಬೋರ್ಡಿನವನೇ ಎಡಗೈಯಲ್ಲಿ ಬೇಸೂ ನುಡಿಸ್ಕೊಂಡು ಹೋಗ್ತಿದ್ದ. ನಿಮ್ಮಪ್ಪನಿಗೆ ಕಾಲ ಹತ್ರದ ಪೆಟ್ಟಿಗೆ ಕೇಳುತ್ತಲ್ಲ, ಸಾಕು."

"ಮತ್ಯಾಕೆ ಇಟ್ಕೊಂಡಿದೀರ?"

"ನಮ್ಮೆಲ್ಲರ ಕೋಟು ಪುಕ್ಕಟೆ ಇಸ್ತ್ರಿ ಆಗಿ ಬರುತ್ತಲ್ಲಮ್ಮ."

ಅವಳು ಅಳುತ್ತಾಳೆಂದು ಅವನು ಅಂದುಕೊಂಡಿದ್ದಿರಬೇಕು. ಅವಳು ಅಳಲಿಲ್ಲ. ಕೈ ಚಾಚಿ ಬೇಸಿನ ಗುಂಡಿಯನ್ನು ಮೇಲಕ್ಕೆ, ತುದಿಯವರೆಗೂ ತಳ್ಳಿದಳು. ಅಪ್ಪನ ಮೇಲೆ ಅವಳಿಗಿದ್ದ ಸಿಟ್ಟೆಲ್ಲ ಆ ಒಂದು ಬೆರಳಿಗೆ ಇಳಿದಿತ್ತು.

ತಡವರಿಸುವ, ತೊದಲುವ, ತಾಳದ ಹಿಂದೆ ಏದುಸಿರು ಬಿಡುತ್ತ ಓಡುವ ದನಿಯೊಂದು ಹಾಲಿನ ತುಂಬ ಬಿದ್ದು ಹೊರಳಾಡಿತು. ಗುಡುಗಣ್ಣ ಕಣ್ಣು ಬಿಟ್ಟ. ಇದು ಯಾರದು ಎಂಬಂತೆ ಸುತ್ತ ನೋಡಿದ. ಒಂದು ತಂತಿಯನ್ನು ಮೀಟಿದ, ಅದು ಹಾಲಿನ ತುದಿಯಲ್ಲಿ ಗುಂಯ್ ಅಂದಿತು. ಇನ್ನೊಂದನ್ನು ಮೀಟಿದ. ಆಮೇಲೆ ಅವನ ಕಣ್ಣು ಮಿಕ್ಸರಿನ ಮೇಲಿದ್ದ ಮಗಳ ಕೈಗೆ ಬಂದು ನಿಂತಿತು. ದಡ್ಡನೇನಲ್ಲ ಅವನು, ಅರ್ಥವಾಯಿತು. ಬೆವರಿದ ಮುಖ ಬೂದಿ ಬಣ್ಣಕ್ಕೆ ತಿರುಗಿತು.

ಹಾಡುಗಾರ ಗಂಟಲು ಸರಿಮಾಡಿಕೊಂಡ. "ಗುಡುಗಣ್ಣ, ಬೇಜಾರು ಮಾಡ್ಕೋಬೇಡ. ಕೀಬೋರ್ಡಿನವನೂ ಇಲ್ಲ. ಮಗಳೇ ನುಡಿಸ್ಲಿ. ಬಂಗಾರದ ಕೈ ಅವಳ್ದು. ನೀನೇ ಕೇಳಿದ್ಯಲ್ಲ?"

ಮಗಳು ಅಪ್ಪನನ್ನು ನೋಡಿದಳು. ಇಷ್ಟೆಲ್ಲ ಆದ ಮೇಲೂ, ನಾಚಿಕೆಯಿಲ್ಲದೆ, ಆ ಒಂದು ಮಾತಿಗಾಗಿಯೇ ಕಾದಳು.

ಗುಡುಗಣ್ಣ ಗಿಟಾರನ್ನು ಹೆಗಲಿಂದ ಇಳಿಸಲಿಲ್ಲ. "ಕೇಳಿದೆ" ಅಂದ. "ಸೊಳ್ಳೆ ಸೊಳ್ಳೆನೇ. ಅವಳು ಈ ವೇದಿಕೆ ಹತ್ತಿದ್ರೆ ನಾನು ಇಳೀತೀನಿ. ಕೋಟಿಗೆ ಇಸ್ತ್ರಿ ನೀವೇ ಹಾಕ್ಕೊಳ್ಳಿ." ಆಮೇಲೆ ಮಿಕ್ಸರಿನವನ ಕಡೆ ನೋಡದೆಯೇ ಹೇಳಿದ, "ಆ ಗುಂಡಿ ಮೊದಲು ಹೇಗಿತ್ತೋ ಹಾಗೇ ಇರ್ಲಿ."

ಹಾಡುಗಾರ ತನ್ನ ಕೋಟಿನ ತೋಳನ್ನು ನೋಡಿಕೊಂಡ. ಕತ್ತಿಯ ಅಲಗಿನಂಥ ಗೆರೆಯಿತ್ತು ಅದರಲ್ಲಿ. "ಆಯ್ತು ಬಿಡು, ನೀನು ಹೇಳ್ದಂಗೇ ಆಗ್ಲಿ" ಅಂದ. ಮಗಳ ಬಂಗಾರದ ಕೈಯ ಮಾತನ್ನು ಆಮೇಲೆ ಅವನು ಎತ್ತಲೇ ಇಲ್ಲ.

ದಾಳಿಂಬೆ ಬಣ್ಣದ ಗಿಟಾರನ್ನು ಕೊಂಡರು. ಎಡಗೈ ಗಟ್ಟಿಯಿದ್ದ ಹೊಸ ಕೀಬೋರ್ಡಿನವನನ್ನೂ ಹುಡುಕಿ ತಂದರು. ಮುಂದಿನ ಪಾರ್ಟಿಗೆ ಹೆಂಡತಿ ಮತ್ತು ಮಗಳು ಎಂದಿನಂತೆ ಹಿಂದಿನ ಸಾಲಿನಲ್ಲಿ ಕೂತರು. ಗುಡುಗಣ್ಣ ಹೊಸ ಗಿಟಾರ್ ಹಿಡಿದು ಮೊದಲಿಗಿಂತ ಜೋರಾಗಿ ತೂಗಾಡಿದ. ಕಣ್ಣು ಮಾತ್ರ ಮುಚ್ಚಲಿಲ್ಲ.

"ನಿಮ್ಮಪ್ಪ ಇವತ್ತು ಚೆನ್ನಾಗಿ ನುಡಿಸ್ತಿದಾರೆ ಅಲ್ವೇನೇ?" ಅಂದಳು ಅಮ್ಮ. ಮಗಳು ತಲೆಯಾಡಿಸಿದಳು.

ಜನ ಕರಗಿದ ಮೇಲೆ ಅವನು ಕೆಳಗಿಳಿದು ಬಂದ. ಹೆಂಡತಿ, ಹಾಡುಗಾರ, ಡ್ರಮ್ಮಿನವನು ಎಲ್ಲ ಅಲ್ಲೇ ಇದ್ದರು. ಅವನು ಮಗಳನ್ನು ದಿಟ್ಟಿಸಿ ನೋಡಿದ. ಚೆನ್ನಾಗಿತ್ತು ಎಂದು ಅವಳ ಬಾಯಿಂದಲೇ ಅನ್ನಿಸಬೇಕಿತ್ತು ಅವನಿಗೆ.

"ಹೇಗಿತ್ತೇ ಹೊಸ ಗಿಟಾರು?"

"ತುಂಬಾ ಚೆನ್ನಾಗಿತ್ತಪ್ಪ" ಅಂದಳು ಮಗಳು, ಎಲ್ಲರಿಗೂ ಕೇಳುವಂತೆ. "ಒಂದು ತಪ್ಪೂ ಕೇಳಿಸ್ಲಿಲ್ಲ."

ಡ್ರಮ್ಮಿನವನು ಮುಖ ಆಚೆ ತಿರುಗಿಸಿದ. ಅವನ ಹೆಗಲು ನಗೆಯಿಂದ ಕುಲುಕುವುದನ್ನು ಗುಡುಗಣ್ಣ ಮೊಟ್ಟಮೊದಲ ಬಾರಿಗೆ ನೋಡಿದ. ಮಂಡಿಯೂರಿ ಕೂತು ಗಿಟಾರನ್ನು ಚೀಲಕ್ಕೆ ಇಳಿಸಿದ. ಚೀಲದ ಜಿಪ್ಪು ಅರ್ಧದಲ್ಲೇ ಸಿಕ್ಕಿಕೊಂಡಿತು. ಅವನು ಎಳೆಯುತ್ತಲೇ ಇದ್ದ, ಮಗಳು ಅಮ್ಮನ ಕೈಹಿಡಿದು ಬಾಗಿಲ ಕಡೆ ನಡೆದಳು.