ಆವರಣದ ನಡುವಿನ ಗೆರೆ

ಧಡ್ ಧಡ್ ಎಂದು ತಾಳ ಹಾಕುತ್ತಿದ್ದ, ಕಾರ್ಖಾನೆಯ ತಗಡು ಒತ್ತುವ ಮೂರನೆಯ ಪ್ರೆಸ್ಸು ಆ ಬೆಳಿಗ್ಗೆ ಒಮ್ಮೆಲೇ ಸಿಡಿಲಿನಂತೆ ಅಬ್ಬರಿಸಿ ನಿಂತಿತು. ಉಕ್ಕಿನ ಅಚ್ಚು ಒಡೆದು ಹಾರಿದ ಚೂರೊಂದು ಕೆಲಸಗಾರನೊಬ್ಬನ ತೋಳನ್ನು ಮೂಳೆಯವರೆಗೂ ಸೀಳಿತು. ಮಹಡಿಯ ಗಾಜಿನ ಕೋಣೆಯಿಂದ ಜರಡಿಯಕ್ಕ ಅದನ್ನು ಕಣ್ಣಾರೆ ಕಂಡಳು.

ಜರಡಿಯಕ್ಕ ಎಂಬುದು ಕೆಲಸಗಾರರು ಇಟ್ಟ ಹೆಸರು. ಕೆಳಗೆ ಯಾರು ಯಾವ ಅಂಕಿ ಒತ್ತಿದರೂ ಅದು ಕಂಪ್ಯೂಟರಿನಲ್ಲಿ ಅವಳು ಬರೆದ ನಿಯಮದಲ್ಲಿ ಸೋಸಿಯೇ ಯಂತ್ರಕ್ಕೆ ಹೋಗಬೇಕು. “ನನ್ನ ಹೆಂಡ್ತಿ ಬೈಗುಳಾನೂ ಒಂದ್ಸಲ ನಿನ್ನ ಜರಡೀಲಿ ಹಾಯಿಸಿಕೊಡಮ್ಮ” ಎಂದು ಪ್ರೆಸ್ಸು ನಡೆಸುವ ಮುದುಕ ಕಾಡುತ್ತಿದ್ದ. ಹದಿನೆಂಟು ವರ್ಷಗಳಿಂದ ಆ ಹೆಸರನ್ನು ಅವಳು ಒಡವೆಯಂತೆ ತೊಟ್ಟಿದ್ದಳು.

ಈಗ ಅಲ್ಲೇ ಕೆಲಸಕ್ಕಿದ್ದ ಗಾಯಾಳುವಿನ ಅಣ್ಣ ಅದೇ ಮುದುಕನ ಕೊರಳಪಟ್ಟಿ ಹಿಡಿದು ಕಂಬಕ್ಕೆ ಅಪ್ಪಳಿಸುತ್ತಿದ್ದ. ಒತ್ತಡವನ್ನು ಎರಡೂವರೆ ಟನ್ ಏರಿಸುವಾಗ ಮುದುಕ ಚುಕ್ಕಿಯ ಬದಲು ಕಾಮಾ ಒತ್ತಿದ್ದ. ಕಾಮಾ ನುಂಗಿಕೊಂಡು 2,5 ಅನ್ನು 25 ಎಂದು ಓದಿದ ಯಂತ್ರ ಇಪ್ಪತ್ತೈದು ಟನ್ ಏರಿಸಿತ್ತು. ಗುದ್ದಿನ ಮೇಲೆ ಗುದ್ದು ಬಿತ್ತು. ಮುದುಕನ ಬಾಯಿಂದ ರಕ್ತದ ಜೊತೆ ಹಲ್ಲೊಂದು ಉದುರಿತು.

ಕಾಮಾ ದಾಟಿದ್ದು ಹೇಗೆ? ಅವಳು ನಿಯಮ ತೆರೆದಳು: [0-9+-.]

ಅಂಕಿಗಳು, ಏರಿಸಲು ಕೂಡುವ ಚಿಹ್ನೆ, ಇಳಿಸಲು ಕಿರುಗೆರೆ, ಇಷ್ಟೇ ಮೊದಲು ಇದ್ದದ್ದು. ಹೊಸ ಅಚ್ಚಿಗೆ ಅರೆ ಟನ್ನಿನ ಲೆಕ್ಕ ಬೇಕೆಂದಾಗ, ಹೋದ ವಾರ, ಅವಸರದಲ್ಲಿ ಕೊನೆಗೊಂದು ಚುಕ್ಕಿ ಸೇರಿಸಿದ್ದಳು. ಚೌಕ ಆವರಣದ ಚಿಹ್ನೆಯೊಳಗೆ ತುದಿಯಲ್ಲಿದ್ದಾಗ ಗೆರೆ ಬರಿಯ ಗೆರೆ. ಎರಡು ಚಿಹ್ನೆಗಳ ನಡುವೆ ಸಿಕ್ಕಿಕೊಂಡರೆ ಅದು ‘ಇಲ್ಲಿಂದ ಅಲ್ಲಿಯವರೆಗೆ ಎಲ್ಲರೂ ಬನ್ನಿ’ ಎಂಬ ಅಪ್ಪಣೆ. ಯಂತ್ರ ಚಿಹ್ನೆಗಳನ್ನು ಜೋಡಿಸಿಟ್ಟುಕೊಂಡ ವರಸೆಯಲ್ಲಿ ಕೂಡುವ ಚಿಹ್ನೆಗೂ ಚುಕ್ಕಿಗೂ ನಡುವೆ ಕಾಮಾ ಕೂತಿತ್ತು. ಬಾಗಿಲು ತೆರೆದು ಕೊಟ್ಟವಳು ಅವಳೇ.

ಓಡಿಬಂದ ಮೇಲ್ವಿಚಾರಕನಿಗೆ ಬೆರಳಿಟ್ಟು ತೋರಿಸಿದಳು. ಅವನು ಬಾಗಿಲು ಮುಚ್ಚಿ ದನಿ ತಗ್ಗಿಸಿದ.

“ಗೆರೆ ಎಲ್ಲಿತ್ತು ಅಂತ ಯಾರಿಗಮ್ಮ ತಿಳಿಯತ್ತೆ? ತುದೀಗೆ ಸರಿಸಿ ಸುಮ್ಮನಿರು. ಕಾಮಾ ಒತ್ತಿದ್ದು ಅವನೇ ತಾನೇ?”

ಅವಳು ಗೆರೆಯನ್ನು ತುದಿಗೆ ಸರಿಸಿದಳು. ಕಾಮಾ ಒತ್ತಿ ನೋಡಿದಳು. ದಾಟಲಿಲ್ಲ. ಕೆಳಗೆ ಅಣ್ಣನ ಕೈಗೆ ಕಬ್ಬಿಣದ ಸರಳು ಬಂದಿತ್ತು.

“ಅವನ ಕೈಲಿ ಸರಳಿದೆ ಸಾರ್.”

“ಇದ್ರೆ ಇರ್ಲಿ. ಈಗ ನೀನು ಕೆಳಗಿಳಿದ್ರೆ ಆ ಏಟು ನಿನಗೇ. ಕೂತ್ಕೋ. ನಿನಗೂ ಮಕ್ಕಳಿದಾರೆ, ಸ್ವಲ್ಪ ನಿಧಾನವಾಗಿ ಯೋಚನೆ ಮಾಡು...”

ಅವನ ಮಾತು ನಡೆದೇ ಇತ್ತು. ಜರಡಿಯಕ್ಕ ಬಾಗಿಲು ತೆರೆದು ಕಬ್ಬಿಣದ ಮೆಟ್ಟಿಲು ಇಳಿದಳು, ನೇರವಾಗಿ ಆ ಸರಳಿನ ಕಡೆಗೆ.