ಮೂಡು ಬದಿಯ ಚಹಾದಂಗಡಿ

ಮನುಷ್ಯ ಜಗತ್ತಿನ ಯಾವ ಮೂಲೆಗೆ ಹೋದರೂ ದಿಕ್ಕುಗಳು ನಾಲ್ಕೇ, ಅವು ಇದ್ದಲ್ಲೇ ಇರುತ್ತವೆ. ಈ ಗಂಭೀರ ಸತ್ಯದ ಮೇಲೆ ನನಗೆ ನಲವತ್ತೊಂದು ವರ್ಷ ಸಂಪೂರ್ಣ ವಿಶ್ವಾಸವಿತ್ತು. ದೀಘಾದ ಹೋಟೆಲಿನಲ್ಲಿ ಒಂದು ಬೆಳಿಗ್ಗೆ ಕಿಟಕಿ ತೆರೆದು ನೋಡುತ್ತೇನೆ, ಸೂರ್ಯ ಕಡಲಿನ ಕಡೆಯಿಂದ ಎದ್ದು ಬರುತ್ತಿದ್ದಾನೆ.

ಇದು ಕುಂದಾಪುರದವನಿಗೆ ಎಂಥ ಆಘಾತ ಎಂಬುದನ್ನು ಘಟ್ಟದ ಮೇಲಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಎಡ ಬಲಗಳ ಬಳಕೆ ಕಡಿಮೆ. ಎಲ್ಲವೂ ಮೂಡು, ಪಡು. ಬಸ್ಸಿನ ಸೀಟಿನಲ್ಲಿ ಪಕ್ಕದವನಿಗೆ ಜಾಗ ಬೇಕಾದರೂ 'ಸ್ವಲ್ಪ ಮೂಡಕ್ಕೆ ಸರೀರಿ' ಎನ್ನುತ್ತೇವೆ. ಮೂಡು ಎಂದರೆ ಪೂರ್ವ, ಪಡು ಎಂದರೆ ಪಶ್ಚಿಮ ಎಂದು ನಿಘಂಟಿನಲ್ಲಿದೆ. ನಿಘಂಟಿನಲ್ಲಿಲ್ಲದ್ದು ಏನೆಂದರೆ, ನಮಗೆ ಪಡು ಅಂದರೆ ಕಡಲಿರುವ ಬದಿ, ಮೂಡು ಅಂದರೆ ಕಡಲಿಲ್ಲದ ಬದಿ. ಸೂರ್ಯ ಹಗಲೆಲ್ಲ ದುಡಿದು ಸಂಜೆ ಕಡಲಿಗೆ ಇಳಿಯಬೇಕಾದವನು. ಬೆಳಿಗ್ಗೆ ಅಲ್ಲಿಂದಲೇ ಎದ್ದು ಬರುವುದು ಮರ್ಯಾದಸ್ಥರ ನಡತೆಯಲ್ಲ.

ನಾವು ಬಂಗಾಳಕ್ಕೆ ಬಂದ ಕಥೆ ಚಿಕ್ಕದು. ಕೋಲ್ಕತ್ತಾದ ಸಾಲ್ಟ್ ಲೇಕಿನ ಐದನೇ ಸೆಕ್ಟರಿನಲ್ಲಿ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಅಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರುವ ಹೊಸಬರಿಗೆಲ್ಲ ಸಂಬಳದ ಖಾತೆ ತೆರೆಯಲು ನಮ್ಮ ಬ್ಯಾಂಕಿಗೆ ಒಂದು ಶಾಖೆ ಬೇಕಾಯಿತು. ಶಾಖೆಗೆ ಒಬ್ಬ ಅಧಿಕಾರಿ ಬೇಕಾಯಿತು. ಮೌಸನ್ನು ಇಂದಿಗೂ ಎರಡು ಕೈಯಲ್ಲಿ ಹಿಡಿಯುವ ನನ್ನನ್ನು ಆರಿಸಿದ ಮೇಲಧಿಕಾರಿಗಳ ದೂರದೃಷ್ಟಿಗೆ ನಾನು ಚಿರಋಣಿ. ಹೀಗೆ ನಾನು, ಹೆಂಡತಿ ವಸಂತಿ, ಆರು ವರ್ಷದ ಮಗಳು ಪಲ್ಲವಿ, ಮೂರನೇ ಮಹಡಿಯ ಎರಡು ಕೋಣೆಯ ಮನೆಗೆ ಬಂದೆವು.

ಬಂಗಾಳಿಗಳು ನಮ್ಮ 'ವ'ಕಾರವನ್ನು ಬಾಯಿಗೆ ಸೇರಿಸುವುದಿಲ್ಲ. ಪಲ್ಲವಿ ಒಂದೇ ವಾರದಲ್ಲಿ ಪೊಲ್ಲೊಬಿ ಆದಳು, ಮೂರು ತಿಂಗಳಲ್ಲಿ ಜಗಳವನ್ನೂ ಬಂಗಾಳಿಯಲ್ಲೇ ಆಡತೊಡಗಿದಳು. ನಾನು ಆಫೀಸಿನಲ್ಲಿ ಹಿಂದಿ, ಇಂಗ್ಲಿಷು, ಮುಗುಳುನಗೆ ಎಂಬ ಮೂರು ಭಾಷೆಗಳಲ್ಲಿ ಕಾಲ ಹಾಕಿದೆ. ವಸಂತಿಗೆ ಮಾತ್ರ ಯಾವುದೂ ಸಿಗಲಿಲ್ಲ. ಊರಿನಲ್ಲಿ ಬೇಲಿಯ ಆಚೆ ಈಚೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಮಾತಾಡುತ್ತಿದ್ದವಳು ಇಲ್ಲಿ ಬದನೆಕಾಯಿಯನ್ನು ಬೆರಳಿನಲ್ಲಿ ತೋರಿಸಿ ಕೊಂಡು ಬರುತ್ತಿದ್ದಳು. ಒಂದು ದಿನ ನಾನು ಬೇಗ ಮನೆಗೆ ಬಂದಾಗ ಅವಳು ಬಾಲ್ಕನಿಯಲ್ಲಿ ಕೂತು, ಒಣಗಲು ಹಾಕಿದ ನನ್ನ ಅಂಗಿಗೆ ಬೈಯುತ್ತಿದ್ದಳು. ಅಂಗಿಗೆ ಬೈಯುತ್ತಿದ್ದದ್ದು ಕನ್ನಡದಲ್ಲಿ, ಸಾಕಷ್ಟು ಜೋರಾಗಿ. ನಾನು ಬಂದೆನೆಂದು ಗೊತ್ತಾದ ಮೇಲೆ ಸುಮ್ಮನಾದಳು. ಅಂದಿನಿಂದ ನನಗೆ ಆ ಅಂಗಿಯ ಮೇಲೆ ಹೊಟ್ಟೆಕಿಚ್ಚು.

ಗೆಲುವು ಒಂದೂ ಇರಲಿಲ್ಲವೆಂದರೆ ಸುಳ್ಳಾದೀತು. ನಮ್ಮ ಕುಚ್ಚಲಕ್ಕಿಯ ಹಾಗೆ ಬೇಯಿಸಿ ಒಣಗಿಸಿದ ಅಕ್ಕಿ ಇಲ್ಲಿಯೂ ಸಿಗುತ್ತದೆ, ಅದಕ್ಕೆ 'ಶೆದ್ಧೊ ಚಾಲ್' ಎನ್ನುತ್ತಾರೆ. ಅದನ್ನು ಪತ್ತೆ ಹಚ್ಚಿ ತಂದ ದಿನ ನಾನು ರಾಜ್ಯ ಗೆದ್ದವನಂತೆ ಮೆಟ್ಟಿಲು ಹತ್ತಿದೆ. ವಸಂತಿ ಗಂಜಿ ಮಾಡಿದಳು, ಉಂಡಳು, ತೀರ್ಪು ಕೊಟ್ಟಳು: "ಅಕ್ಕಿ ಅಡ್ಡಿಲ್ಲ. ಆರೆ ಈ ಹೊಳೆಮೀನಿಗೆ ಉಪ್ಪೇ ಇಲ್ಲ ಕಾಣಿ." ಬಂಗುಡೆ ತಿಂದು ಬೆಳೆದ ನಾಲಿಗೆಗೆ ನದಿಯ ಮೀನು ಹತ್ತುವುದಿಲ್ಲ. ಆಮೇಲೆ ಅವಳು ಮೀನಿನ ಮಾತನ್ನೇ ಬಿಟ್ಟಳು.

ಮೂರನೇ ವರ್ಷದ ದುರ್ಗಾಪೂಜೆ ಮುಗಿದ ಮರುದಿನ, ಬಟ್ಟೆ ಮಡಚುತ್ತ, ನನ್ನ ಮುಖ ನೋಡದೆ ಹೇಳಿದಳು. "ಹ್ವಾಯ್, ಪರೀಕ್ಷೆ ಮುಗಿದ್ ಮೇಲೆ ನಾನ್ ಮಗಳನ್ನ ಕರ್ಕಂಡ್ ಊರಿಗೆ ಹೋಪುದು. ನೀವ್ ಬಪ್ಪುದಾರೆ ಬನ್ನಿ."

ನಾನು ಬರುವಂತಿರಲಿಲ್ಲ. ವರ್ಗಾವಣೆಯ ಅರ್ಜಿ ಎರಡು ಸಲ ಹೋಗಿ ಎರಡು ಸಲವೂ ತಿರುಗಿ ಬಂದಿತ್ತು. ಅವರಿಬ್ಬರಿಲ್ಲದೆ ಆ ಮನೆಯಲ್ಲಿ ಹೇಗಿರುವುದು ಎಂದು ಯೋಚಿಸುತ್ತ ಬ್ಯಾಂಕಿನಲ್ಲಿ ಒಂದೇ ಚೆಕ್ಕಿಗೆ ಎರಡು ಸಲ ಸಹಿ ಹಾಕಿದೆ. ನನ್ನ ಮುಖ ನೋಡಿ ನಮ್ಮ ಹೆಡ್ ಕ್ಯಾಷಿಯರ್ ಘೋಷಾಲ್‌ಬಾಬು ಪರಿಹಾರ ಸೂಚಿಸಿದರು. "ದಾದಾ, ಬೌದಿಯನ್ನು ದೀಘಾಕ್ಕೆ ಕರೆದುಕೊಂಡು ಹೋಗಿ." ಬೌದಿ ಎಂದರೆ ಅತ್ತಿಗೆ. ದೀಘಾ ಎಂದರೆ ಕಡಲು. ಬಂಗಾಳಿಯ ಎಲ್ಲ ಮನೋವ್ಯಾಧಿಗಳಿಗೂ ದೀಘಾ ಒಂದೇ ಔಷಧವಂತೆ. ನಮ್ಮೂರಿನಲ್ಲಿ ಕಡಲಿಗೆ ಹೋಗುವುದು ಮೀನಿಗೆ ಅಥವಾ ಅಮಾವಾಸ್ಯೆಯ ಸ್ನಾನಕ್ಕೆ. ರಜೆ ಹಾಕಿ, ಹೋಟೆಲಿನಲ್ಲಿ ಕೋಣೆ ಹಿಡಿದು, ಕಡಲನ್ನು ನೋಡಲು ಹೋಗುವುದೆಂದರೆ ಸ್ವಂತ ಅಡಿಗೆಮನೆ ನೋಡಲು ಟಿಕೆಟ್ ತೆಗೆದ ಹಾಗೆ. ಆದರೂ ಡಿಸೆಂಬರಿನಲ್ಲಿ ಮೂವರೂ ಹೊರಟೆವು. ಕಡಲನ್ನು ಕಂಡರೆ ವಸಂತಿಯ ಮನಸ್ಸು ತಿರುಗೀತು, ಇನ್ನೊಂದು ವರ್ಷ ನಿಂತಾಳು ಎಂಬುದು ನನ್ನ ಲೆಕ್ಕ.

ಮೊದಲ ಸಂಜೆ ಲೆಕ್ಕ ಸರಿಹೋಗುವಂತೆ ಕಂಡಿತು. ದಂಡೆಯ ತುಂಬ ಮಂಕಿ ಕ್ಯಾಪ್ ಹಾಕಿದ ಸಂಸಾರಗಳು. ನಮಗೆ ಬೆವರುವ ಹವೆಯಲ್ಲಿ ಅವರು ಚಳಿಯೆಂದು ನಡುಗುತ್ತಿದ್ದರು. ವಸಂತಿ ಮೂಗು ಅರಳಿಸಿ ಗಾಳಿಯನ್ನು ಪರೀಕ್ಷಿಸಿದಳು, ಸೀರೆ ಎತ್ತಿ ಪಾದ ನೆನೆಸಿದಳು. ಗೂಡಂಗಡಿಯಲ್ಲಿ ಹುರಿದ ಮಾಂಜಿ ಮೀನು ತಿಂದು, ಬೆರಳು ಚೀಪಿ, "ಇದಕ್ ಉಪ್ಪಿತ್ತ್" ಅಂದಳು. ಪಲ್ಲವಿ, "ಅಮ್ಮ ನಕ್ರು! ಅಪ್ಪಯ್ಯ, ಅಮ್ಮ ನಕ್ರು!" ಎಂದು ದಂಡೆಯ ಮೇಲೆಲ್ಲ ಸಾರಿದಳು. ಆ ರಾತ್ರಿ ನಾನು ಬಹಳ ದಿನಗಳ ಮೇಲೆ ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ, ಆ ತಪ್ಪು ಸೂರ್ಯನನ್ನು ಕಂಡ ಮೇಲೆ, ಮೂವರೂ ಕಡಲಿಗೆ ಇಳಿದೆವು. ವಸಂತಿ ಚಹಾ ತರಲು ನಮ್ಮ ಹಿಂದೆ ಗಾಳಿಮರಗಳ ಕೆಳಗಿದ್ದ ಅಂಗಡಿಗೆ ಹೋದಳು. ಪಲ್ಲವಿ ಚಿಪ್ಪು ಆರಿಸುತ್ತಿದ್ದಳು. ನಾನು ಪ್ಯಾಂಟು ಮಡಚಿ, ಕೈ ಕಟ್ಟಿ, ಗೃಹಸ್ಥನೊಬ್ಬ ಗೆದ್ದ ಮೇಲೆ ನಿಲ್ಲಬೇಕಾದ ಠೀವಿಯಲ್ಲಿ ನಿಂತಿದ್ದೆ.

"ಅಪ್ಪಯ್ಯ, ಅಮ್ಮ ಎಲ್ಲಿ? ಚಿಪ್ಪು ತೋರಿಸ್ಬೇಕು."

"ಮೂಡು ಬದಿಯ ಚಹಾದಂಗಡಿಯಲ್ಲಿ."

"ಮೂಡು?"

"ಸೂರ್ಯ ಮೂಡುವ ಬದಿ. ಎಷ್ಟು ಸಲ ಹೇಳಿಕೊಟ್ಟಿದ್ದೇನೆ?" ಎಂದೆ, ತಿರುಗಿ ನೋಡದೆ.

ಸ್ವಲ್ಪ ಹೊತ್ತಿಗೆ ವಸಂತಿ ಮೂರು ಮಣ್ಣಿನ ಕುಡಿಕೆಗಳನ್ನು ಎರಡು ಕೈಯಲ್ಲಿ ಹೇಗೋ ಹಿಡಿದುಕೊಂಡು ಬಂದಳು. "ಹೆಣ್ಣ್ ಎಲ್ಲಿ?"

"ನಿನ್ನ ಹತ್ತಿರ ಕಳಿಸಿದೆನಲ್ಲ. ಮೂಡು ಬದಿಗೆ."

ಹೇಳುತ್ತ ಹೇಳುತ್ತಲೇ ತಲೆಯೆತ್ತಿದೆ. ಸೂರ್ಯ ನೀರಿನ ಮೇಲಿದ್ದ. ನಾನು ಮೂರು ವರ್ಷ ಕನ್ನಡ ಕಲಿಸಿದ್ದಕ್ಕೆ ಮಗಳು ಒಂದೇ ಒಂದು ಸಲ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದಳು. ನಾನು ಅವಳನ್ನು ಕಡಲಿನ ಕಡೆಗೆ ಕಳಿಸಿದ್ದೆ.

ಕುಡಿಕೆಗಳು ಮರಳಿಗೆ ಬಿದ್ದವು. ವಸಂತಿ ಮೊಣಕಾಲಿನವರೆಗೆ ನೀರಿಗೆ ನುಗ್ಗಿ "ಪಲ್ಲೂ, ಪಲ್ಲೂ" ಎಂದು ಕೂಗಿದಳು. ನಾನು ದಂಡೆಯುದ್ದ ಓಡಿದೆ. ಎಲ್ಲ ಮಕ್ಕಳೂ ಒಂದೇ ಎತ್ತರ, ಎಲ್ಲರ ತಲೆಗೂ ಟೋಪಿ. ಒಬ್ಬಾತ ನನ್ನನ್ನು ನಿಲ್ಲಿಸಿ, ಸ್ವೆಟರಿನ ಬಣ್ಣ ಯಾವುದು ಎಂದು ಕೇಳಿದ. ನೀಲಿಯೋ ಹಸಿರೋ, ಬೆಳಿಗ್ಗೆ ಗುಂಡಿ ಹಾಕಿದವನು ನಾನೇ, ನೆನಪಾಗಲಿಲ್ಲ. ಅವನಿಗೆ ನಾನು ಉತ್ತರ ಕೊಟ್ಟದ್ದು ಕನ್ನಡದಲ್ಲಿ ಎಂದು ಅವನ ಮುಖ ನೋಡಿದ ಮೇಲೆ ತಿಳಿಯಿತು. ಕಲಿತ ಹಿಂದಿ, ಇಂಗ್ಲಿಷು, ಮುಗುಳುನಗೆ ಮೂರೂ ಒಟ್ಟಿಗೆ ಕೈಕೊಟ್ಟಿದ್ದವು. ಅಲೆಯಲ್ಲಿ ಏನೋ ಕೆಂಪಗೆ ತೇಲಿತು. ಓಡಿ ಹೋಗಿ ನೋಡಿದರೆ ಯಾರದೋ ಪ್ಲಾಸ್ಟಿಕ್ ಬಕೆಟು.

ಅಷ್ಟರಲ್ಲಿ ದಂಡೆಯ ಮೈಕು ಗೊರಗೊರ ಎಂದಿತು. ಸಾಲ್ಟ್ ಲೇಕಿನ ಬಾಶುದೇಬ್‌ಬಾಬು ಎಲ್ಲಿದ್ದರೂ ಬರಬೇಕು, ನಿಮ್ಮ ಮಗಳು ಇಲ್ಲಿದ್ದಾಳೆ. ಮೂರು ಸಲ ಹೇಳಿದರು. ಎಲ್ಲಿಯ ಬಾಶುದೇಬನೋ, ಪುಣ್ಯವಂತ, ಅವನ ಮಗಳು ಸಿಕ್ಕಿದಳಲ್ಲ ಎಂದು ನನ್ನ ಕಣ್ಣಿನಲ್ಲಿ ನೀರು ಬಂತು. ಒದ್ದೆ ಸೀರೆಯಲ್ಲಿ ಓಡಿ ಬಂದ ವಸಂತಿ ನನ್ನ ರಟ್ಟೆ ಹಿಡಿದು ಜಗ್ಗಿದಳು. "ಹ್ವಾಯ್, ಎಂತ ನಿತ್ಕಂಡ್ ಕಾಂತ್ರಿ? ಅದ್ ನೀವ್!"

ಹೌದು, ನನ್ನ ಹೆಸರು ವಾಸುದೇವ. ಬಂಗಾಳದಲ್ಲಿ ಅಲ್ಲಿಯವರೆಗೆ ಯಾರೂ ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ.

ದಂಡೆಯ ಪೂರ್ವದ ತುದಿಯಲ್ಲಿ, ಮೈಕಿನ ಚಪ್ಪರದ ಕೆಳಗೆ, ಪಲ್ಲವಿ ಒಬ್ಬ ಅಜ್ಜಿಯ ಪಕ್ಕ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಸ್ವೆಟರು ಹಳದಿಯದು. ಮೈಕಿನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ದಾದಾ, ನಿಮ್ಮ ಮಗಳು ಪೂರಾ ಬಂಗಾಳಿ. ನೀವು ಯಾವ ಕಡೆಯವರು?" ಎಂದರು. ವಸಂತಿ ಮಗಳನ್ನು ತಬ್ಬಿಕೊಂಡು ಮರಳಿನಲ್ಲೇ ಕುಸಿದಳು.

"ನೀವೇ ಸೂರ್ಯ ಮೂಡೋ ಸೈಡ್ ಅಂದ್ರಿ ಅಪ್ಪಯ್ಯ," ಎಂದಳು ಪಲ್ಲವಿ, ಅಳುವೂ ಸಿಟ್ಟೂ ಸೇರಿ. "ನೀರು ಇತ್ತಲ್ಲ, ಅದಕ್ಕೆ ಸೈಡ್ ಸೈಡಲ್ಲಿ ನಡೆದೆ. ಟೀ ಶಾಪ್ ಎಷ್ಟೊಂದ್ ಇತ್ತು, ಅಮ್ಮ ಯಾವುದ್ರಲ್ಲೂ ಇರ್ಲಿಲ್ಲ."

ದಾರಿ ತಪ್ಪಿದರೆ ಹೇಳಲೆಂದು ನಾನು ಅವಳಿಗೆ ಉರು ಹೊಡೆಸಿದ್ದು ಮೂರು ವಿಷಯ: ತನ್ನ ಹೆಸರು, ಅಪ್ಪನ ಹೆಸರು, ಊರು ಕುಂದಾಪುರ. ವಸಂತಿ ಅವಳ ಕೆನ್ನೆ ಒರೆಸುತ್ತ ಕೇಳಿದಳು, "ಸಾಲ್ಟ್ ಲೇಕ್ ಅಂದ್ಯಲ್ಲ, ಊರ್ ಎಂತಕ್ ಹೇಳ್ಲಿಲ್ಲ?"

"ಅವರು ಊರು ಕೇಳಲೇ ಇಲ್ಲ ಅಮ್ಮ. ಬಾಡಿ ಎಲ್ಲಿ ಅಂತ ಕೇಳಿದ್ರು. ಬಾಡಿ ಅಂದ್ರೆ ಮನೆ. ಮನೆ ಸಾಲ್ಟ್ ಲೇಕ್ ಅಲ್ವಾ?"

ವಸಂತಿಯ ಕೈ ಅವಳ ಕೆನ್ನೆಯ ಮೇಲೆ ನಿಂತುಬಿಟ್ಟಿತು.

ಕೋಲ್ಕತ್ತಾಕ್ಕೆ ಮರಳುವ ಬಸ್ಸಿನಲ್ಲಿ ಮಗಳು ನಡುವೆ ಮಲಗಿದ್ದಳು. ಇನ್ನೊಂದೇ ವರ್ಷ, ಅಷ್ಟರಲ್ಲಿ ವರ್ಗ ಖಂಡಿತ ಎಂದು ನಾನು ಬೇಡಿಕೊಂಡೆ. ಬೇಡಿಕೊಂಡೆ ಎಂಬ ಪದವನ್ನು ತಿಳಿದೇ ಬರೆಯುತ್ತಿದ್ದೇನೆ. ವಸಂತಿ ಮಗಳ ಸ್ವೆಟರಿನ ಗುಂಡಿ ಹಾಕಿದಳು. ಬೈಯುವಳೆಂದು ಕಾದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ತಪ್ಪ್ ಅವಳದ್ದಲ್ಲ. ನಿಮ್ಮದೂ ಅಲ್ಲ," ಎಂದಳು. "ಮೂಡು ಅಂದ್ರೆ ಮೂಡು ಆಯ್ಕಂಡ್ ಇಪ್ಪಲ್ಲಿ ಅವಳು ಬೆಳೀಬೇಕ್. ಇನ್ನೊಂದ್ ವರ್ಷ ಬಿಟ್ರೆ ಅವಳು ನನ್ನೊಟ್ಟಿಗೆ ಬತ್ತಿಲ್ಲ."

ಔಷಧ ಕೊಟ್ಟ ಘೋಷಾಲ್‌ಬಾಬು ಸೋಮವಾರ ಕೇಳಿದರು, "ದೀಘಾ ಹೇಗಿತ್ತು ದಾದಾ?" ಚೆನ್ನಾಗಿತ್ತು, ಮೀನಿಗೆ ಉಪ್ಪಿತ್ತು ಎಂದೆ.

ಈಗ ಕುಂದಾಪುರದ ಶಾಲೆಯಲ್ಲಿ ಪಲ್ಲವಿಯನ್ನು ಬಂಗಾಳಿ ಹೆಣ್ಣು ಎಂದು ಕರೆಯುತ್ತಾರಂತೆ. ಮನೆ ಎಲ್ಲಿ ಎಂದು ಕೇಳಿದರೆ ಸಾಲ್ಟ್ ಲೇಕ್ ಎನ್ನುತ್ತಾಳಂತೆ, ಫೋನಿನಲ್ಲಿ ವಸಂತಿ ಹೇಳಿದಳು. ಇಲ್ಲಿ ನನ್ನನ್ನು ಕೇಳಿದವರಿಗೆ ನಾನು ಕುಂದಾಪುರ ಎನ್ನುತ್ತೇನೆ. ಅವರಿಬ್ಬರೂ ಹೋದದ್ದು ಏಪ್ರಿಲ್ ಮೊದಲ ವಾರ. ಮೂರನೆಯ ಅರ್ಜಿಯೂ ತಿರುಗಿ ಬಂದಿದೆ.