ದೊಡ್ಡಮ್ಮನ ಐದನೆಯ ರಾಶಿ

ಅಟ್ಟದಿಂದ ಇಳಿಸಿದ ರೆಕಾರ್ಡ್ ಪುಸ್ತಕ ತೆರೆದರೆ ಮೂಗಿಗೆ ಬಡಿದದ್ದು ಹೊಗೆಸೊಪ್ಪಿನ ವಾಸನೆ. ಮನೋವಿಜ್ಞಾನಕ್ಕೆ ಎಂಥ ವಾಸನೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ: ಬೆಂದು ಹದಕ್ಕೆ ಬಂದ ಎಲೆಯದು, ಸ್ವಲ್ಪ ಸಿಹಿ, ಸ್ವಲ್ಪ ಸೀನು ತರಿಸುವಂಥದ್ದು. ನಗಬೇಡಿ. ವಾದಕ್ಕೆ ಕೂತರೆ ಸಾಬೀತು ಮಾಡಬಲ್ಲೆ.

ಪುಸ್ತಕ ಇಳಿಸಿದ್ದು ಚಿಕ್ಕಪ್ಪನ ಮಗಳು ಸಿಂಚನಳಿಗಾಗಿ. ಈ ವರ್ಷ ಹುಣಸೂರಿನಲ್ಲಿ ನಾನು ಓದಿದ ಕಾಲೇಜಿನಲ್ಲೇ ಬಿ.ಎ. ಸೇರಿ, ನನ್ನ ಹಾಗೆಯೇ ಮನೋವಿಜ್ಞಾನ ತೆಗೆದುಕೊಂಡಿದ್ದಾಳೆ. ಬೆಳಿಗ್ಗೆಯೇ ಬಿಳಿಕೆರೆಯ ನಮ್ಮ ಮನೆಗೆ ಬಂದು, "ಅಕ್ಕ, ನಾಳಿದ್ದು ರೆಕಾರ್ಡ್ ಕೊಡ್ಬೇಕು ಕಣಕ್ಕ. ನಿಂದು ಕೊಡು, ಬರೀ ನಂಬರ್ ನೋಡ್ಕೊತೀನಿ" ಎಂದಳು. ಬರೀ ನಂಬರ್! ಆ ಎರಡು ಪದ ಕೇಳಿದ್ದೇ ನನಗೆ ಹಳೆಯ ಬೆವರು ಕಿತ್ತುಬಂತು.

ಮೊದಲ ಸೆಮಿಸ್ಟರಿನ ಮೊದಲ ತರಗತಿಯಲ್ಲಿ ನಮ್ಮ ಮೇಡಂ ಎಲ್ಲರಿಗೂ ಒಂದೊಂದು ಜೆರಾಕ್ಸ್ ಹಾಳೆ ಹಂಚಿದ್ದರು. ಎರಡು ಕಿರುಪರೀಕ್ಷೆ, ಒಂದು ಅಸೈನ್‌ಮೆಂಟ್, ಹಾಜರಿಗೆ ಇಷ್ಟು, ಪ್ರಯೋಗಗಳ ರೆಕಾರ್ಡಿಗೆ ಇಷ್ಟು, ರೆಕಾರ್ಡಿಗೆ ಸಹಿ ಬೀಳದಿದ್ದರೆ ಪರೀಕ್ಷೆಗೆ ಪ್ರವೇಶಪತ್ರವೇ ಇಲ್ಲ. ನನ್ನ ಕಣ್ಣು ಹಾಜರಿಯ ಸಾಲಿಗೆ ಹೋಗಿ ಅಲ್ಲೇ ಕಚ್ಚಿಕೊಂಡಿತು. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು, ಸುಮ್ಮನಿರುವುದು ಹೇಗೆ? ಎದ್ದು ನಿಂತೆ.

"ಮೇಡಂ, ಕೂತಿದ್ದಕ್ಕೇ ಮಾರ್ಕ್ಸ್ ಕೊಡೋದಾದ್ರೆ ಈ ಬೆಂಚಿಗೂ ಡಿಗ್ರಿ ಕೊಡ್ಬೇಕಲ್ವಾ?"

ತರಗತಿ ಹೋ ಎಂದಿತು. ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಬೆಂಚು ಚಕ್ಕರ್ ಹೊಡೆಯಲ್ಲಮ್ಮ. ನೀನು ಹೊಡೀತೀಯ ಅನ್ಸುತ್ತೆ."

ಹೊಡೆದೆ. ಕೆ.ಆರ್. ನಗರದಲ್ಲೊಂದು ಸ್ಪರ್ಧೆ, ಎಚ್.ಡಿ. ಕೋಟೆಯಲ್ಲೊಂದು. ಸತ್ಯವೇ ದೊಡ್ಡದು ಎಂದು ಮೇಜು ಗುದ್ದಿ ಬರುವಷ್ಟರಲ್ಲಿ ಹಾಜರಿಯ ಅಂಕಗಳೆಲ್ಲ ಹೋಗಿ, ಪರೀಕ್ಷೆಗೆ ಕೂರಲು ಬೇಕಾದಷ್ಟು ಮಾತ್ರ ಉಳಿದಿತ್ತು. ಇನ್ನು ನನ್ನ ವರ್ಷ ನಿಂತಿದ್ದದ್ದು ರೆಕಾರ್ಡಿನ ಸಹಿಯೊಂದರ ಮೇಲೆ. ಎಲ್ಲ ಪ್ರಯೋಗ ಮುಗಿದು ಕಾರ್ಡು ವಿಂಗಡಣೆ ಒಂದೇ ಬಾಕಿ. ನಾಲ್ಕು ಬಣ್ಣದ ಕಾರ್ಡುಗಳನ್ನು ಕಲಸಿ ಒಬ್ಬರ ಕೈಗೆ ಕೊಡಬೇಕು, ಅವರು ಬಣ್ಣವಾರು ನಾಲ್ಕು ರಾಶಿ ಹಾಕಬೇಕು. ಹೀಗೆ ಐದು ಸುತ್ತು. ಸುತ್ತು ಸುತ್ತಿಗೂ ಸಮಯ ಇಳಿಯುತ್ತದೆ, ತಪ್ಪು ಇಳಿಯುತ್ತದೆ. ಅಭ್ಯಾಸದಿಂದ ಕಲಿಕೆ ಎಂದು ಪುಸ್ತಕ ಹೇಳುತ್ತದೆ.

ಈ ಪ್ರಯೋಗಕ್ಕೆ ಸಿಕ್ಕಿದವರು ರಾವಂದೂರಿನ ಹತ್ತಿರದ ಹಳ್ಳಿಯ ನನ್ನ ದೊಡ್ಡಮ್ಮ. ಹೊಗೆಸೊಪ್ಪು ವಿಂಗಡಿಸುವುದರಲ್ಲಿ ಸುತ್ತಲ ಊರುಗಳಲ್ಲಿ ಅವರ ಕೈ ಅಂದರೆ ಕೈ. ಎಲೆಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಲ್ಲಿ ಒಮ್ಮೆ ಸವರಿ, ಯಾವ ರಾಶಿಗೆ ಎಂದು ಎಸೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಇವರಿಗಿಂತ ಒಳ್ಳೆಯವರು ಎಲ್ಲಿ ಸಿಗಬೇಕು ಎಂದು ಬೀಗುತ್ತ, ಸೊಪ್ಪಿನ ಕೊಟ್ಟಿಗೆಯಲ್ಲೇ ಗೋಣಿ ಹಾಸಿ, ಮೊಬೈಲಿನ ಗಡಿಯಾರ ಒತ್ತಿದೆ.

ಮೊದಲ ಸುತ್ತು ಸರಾಗ. ಎರಡನೆಯದರಲ್ಲಿ ದೊಡ್ಡಮ್ಮ ಒಂದು ಹಳದಿ ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದರು. ಹೆಬ್ಬೆರಳಿನಲ್ಲಿ ಸವರಿದರು. ಆಮೇಲೆ ಅದನ್ನು ಬೇರೆಯಾಗಿ, ಮಂಡಿಯ ಪಕ್ಕಕ್ಕೆ ಇಟ್ಟರು.

"ದೊಡ್ಡಮ್ಮ, ಅದು ಹಳದಿ. ಅಲ್ಲಿಗೆ ಹಾಕು."

"ಅಳದಿ ಅಂತ ನಂಗೂ ಕಾಣ್ತದೆ ಕಣವ್ವ. ಬಣ್ಣ ಕೆಟ್ಟದೆ, ನೋಡು. ಮೂಲೆನೂ ಮುದುರ್ಕೊಂಡದೆ. ಒಳ್ಳೇದ್ರ ಜೊತೆ ಇದ್ನ ಸೇರ್ಸಿದ್ರೆ ಇಡೀ ಮೂಟೆಗೇ ಬೆಲೆ ಬಿದ್ದೋಯ್ತದೆ."

"ಇದು ಸೊಪ್ಪಲ್ಲ ದೊಡ್ಡಮ್ಮ!"

"ಸೊಪ್ಪಾಗ್ಲಿ ಕಾರ್ಡಾಗ್ಲಿ, ಕಣ್ಣಿಗೆ ಕಂಡಿದ್ದ ಕಾಣ್ನಿಲ್ಲ ಅನ್ನಕ್ಕಾಯ್ತದಾ? ನೀ ಸುಮ್ಕೆ ಬರ್ಕೊ ಬುಡು."

ಕಾಲೇಜಿನ ಕಾರ್ಡುಗಳೋ, ಎಷ್ಟು ವರ್ಷದ ಹುಡುಗರ ಬೆವರು ಕುಡಿದಿದ್ದವೋ. ಸುತ್ತು ಸುತ್ತಿಗೂ ದೊಡ್ಡಮ್ಮನ ಕಣ್ಣು ಇನ್ನಷ್ಟು ಕಟ್ಟುನಿಟ್ಟಾಯಿತು, ಐದನೆಯ ರಾಶಿ ಬೆಳೆಯಿತು. ಸಮಯವೂ ಏರಿತು, ತಪ್ಪೂ ಏರಿತು. ಪುಸ್ತಕ ಹೇಳಿದ್ದು ಪೂರ್ತಿ ತಲೆಕೆಳಗು.

ಮರುದಿನ ಬಸ್ಸಿನಲ್ಲಿ ಗೆಳತಿ ಭಾಗ್ಯಳಿಗೆ ತೋರಿಸಿದೆ. "ಅಯ್ಯೋ, ನಂಬರ್ ತಿದ್ಬುಡೆ. ನಾವೆಲ್ಲ ಸೀನಿಯರ್ದೇ ನೋಡ್ಕೊಂಡ್ ಬರ್ದಿರೋದು. ನಿಂಗೊಬ್ಳಿಗೇ ಯಾಕೆ ಈ ಅರಿಶ್ಚಂದ್ರನ ಮನೆತನ?" ಎಂದಳು.

ತಿದ್ದಿದೆ. ಹೌದು, ಮೇಜು ಗುದ್ದುತ್ತಿದ್ದ ನಾನೇ. ಅಂಕಿಗಳು ಮೆಟ್ಟಿಲಿಳಿದ ಹಾಗೆ ಇಳಿದವು. ಆದರೆ ಕೊನೆಯಲ್ಲಿ, ಪ್ರಯೋಗಕ್ಕೆ ಕೂತವರು ಹೇಳಿದ ಮಾತನ್ನು ಅವರದೇ ಮಾತಿನಲ್ಲಿ ಬರೆಯಬೇಕಲ್ಲ, ಅಲ್ಲಿ ದೊಡ್ಡಮ್ಮ ಅಂದದ್ದನ್ನು ಇದ್ದ ಹಾಗೇ ಇಳಿಸಿದ್ದೆ. ಅಷ್ಟು ಚೆಂದದ ಮಾತನ್ನು ಬಿಡಲು ಮನಸ್ಸು ಬರಲಿಲ್ಲ. ಕಳ್ಳತನಕ್ಕೆ ಹೋದವಳು ವಿಳಾಸ ಬರೆದಿಟ್ಟು ಬಂದಂತಾಯಿತು.

ಮೇಡಂ ಪುಟವನ್ನು ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ಹಾಕಿದರು. "ನಿನ್ನ ಟೇಬಲ್ ಒಂದು ಹೇಳ್ತಿದೆ, ನಿಮ್ಮ ದೊಡ್ಡಮ್ಮ ಇನ್ನೊಂದು ಹೇಳ್ತಿದಾರೆ. ಯಾರು ಸುಳ್ಳು?"

ದೊಡ್ಡಮ್ಮನೇ ಸುಳ್ಳು ಎಂದರೆ ನಾನು ಗೆಲ್ಲುತ್ತಿದ್ದೆ.

"ನಾನು," ಎಂದೆ. ಬ್ಯಾಗಿನ ತಳದಿಂದ ಕಚ್ಚಾ ಹಾಳೆ ತೆಗೆದು ಮುಂದಿಟ್ಟೆ. ಅದರ ಅಂಚಿನಲ್ಲಿ ದೊಡ್ಡಮ್ಮನ ಕೈಯ ಹೊಗೆಸೊಪ್ಪಿನ ಅಂಟು ಕಪ್ಪಗೆ ಮೆತ್ತಿತ್ತು. ಸಹಿ ಹೋಯಿತು, ವರ್ಷ ಹೋಯಿತು ಎಂದು ನೆಲ ನೋಡುತ್ತ ನಿಂತೆ.

"ಮೊದಲ ದಿನ ಕೊಟ್ಟ ಹಾಳೆ ಇದ್ಯಾ?" ಎಂದರು ಮೇಡಂ. ಇತ್ತು. "ರೆಕಾರ್ಡಿನ ಸಾಲು ಓದು."

ಓದಿದೆ. ವಿಧಾನಕ್ಕೆ ಇಷ್ಟು, ದಾಖಲಾತಿಗೆ ಇಷ್ಟು, ಚರ್ಚೆಗೆ ಇಷ್ಟು. ಫಲಿತಾಂಶ ಪುಸ್ತಕದ ಹಾಗೆಯೇ ಬರಬೇಕೆಂದು ಎಲ್ಲೂ ಇರಲಿಲ್ಲ! ಹಾಜರಿಯ ಸಾಲಿನ ಜೊತೆ ಜಗಳವಾಡುವ ಭರದಲ್ಲಿ ಅದರ ಕೆಳಗಿನ ಸಾಲನ್ನೇ ನಾನು ಓದಿರಲಿಲ್ಲ.

"ಈ ಕಚ್ಚಾ ಹಾಳೆಯಲ್ಲಿರೋದನ್ನೇ ಬರೆದು ತಾ. ಅವರ ಸಮಯ ಯಾಕೆ ಏರಿತು ಅಂತ ಚರ್ಚೆಯಲ್ಲಿ ಬರಿ. ವಾದ ಮಾಡೋಕೆ ಬರುತ್ತಲ್ಲ ನಿಂಗೆ?"

ಸಂಜೆಯೊಳಗೆ ಬರೆದೆ. ಸಹಿ ಬಿತ್ತು. ಹತ್ತಕ್ಕೆ ಏಳು. ಮೂರು ಯಾಕೆ ಹೋಯಿತೆಂದು ಕೇಳಲಿಲ್ಲ; ಹುಟ್ಟಿದಾಗಿನಿಂದ ಅದೇ ಮೊದಲು. ಬಸ್‌ಸ್ಟ್ಯಾಂಡಿನವರೆಗೆ ನಡೆದೆನೋ ತೇಲಿದೆನೋ, ನೆನಪಿಲ್ಲ. ಅಲ್ಲಿ ಕುಡಿದ ಕಬ್ಬಿನಹಾಲಿನಷ್ಟು ತಂಪಾದದ್ದನ್ನು ಆಮೇಲೆ ಕುಡಿದಿಲ್ಲ.

ಈಗ ಸಿಂಚನ ಅದೇ ಪುಟದಲ್ಲಿ ಬೆರಳಿಟ್ಟು ಹುಬ್ಬು ಗಂಟಿಕ್ಕಿದ್ದಳು. "ಅಕ್ಕ, ಇದೇನ್ ಉಲ್ಟಾ ಬಂದದೆ? ಇದ್ನ ಎಂಗೆ ಕಾಪಿ ಮಾಡ್ಲಿ?"

"ಮಾಡಕ್ಕಾಗಲ್ಲ. ಕಾರ್ಡು ತಂದಿದ್ದೀಯಾ?"

ತಂದಿದ್ದಳು. ಅವೇ ಕಾರ್ಡುಗಳು, ಇನ್ನಷ್ಟು ವರ್ಷದ ಬೆವರಿನೊಂದಿಗೆ. ಅವಳ ಎದುರು ನೆಲದ ಮೇಲೆ ಕೂತೆ. ಅವಳು ಮೊಬೈಲ್ ಒತ್ತಿ, ಮೇಡಂ ಗತ್ತಿನಲ್ಲಿ, "ಮಾತಾಡಂಗಿಲ್ಲ" ಎಂದಳು. ಆಗಲಿ ಎಂದು ಸುಮ್ಮನೆ ರಾಶಿ ಹಾಕತೊಡಗಿದೆ. ಎರಡನೆಯ ಸುತ್ತಿನ ನಡುವೆ ಮೂಲೆ ಮುದುರಿದ ಒಂದು ಹಳದಿ ಕಾರ್ಡು ಬಂತು. ಹೆಬ್ಬೆರಳು ತಾನಾಗಿ ಅದನ್ನು ಸವರಿತು. ಮಂಡಿಯ ಪಕ್ಕಕ್ಕೆ ಇಟ್ಟೆ.

"ಅಕ್ಕಾ! ತಪ್ಪಾಯ್ತು ಕಣಕ್ಕ!"

ವಾದಿಸಲಿಲ್ಲ. "ಬರ್ಕೊ" ಎಂದೆ.